ನಂಗೆ, ನನ್ನಿಂದ

ನಮ್ಮ ತಾತ ಒಂದು ವಿಭಕ್ತಿಯಿಂದ ಜೀತಕ್ಕೆ ಬಿದ್ದವನು. 'ಇವನಿಗೆ ಬರಬೇಕಾದ ಕೂಲಿ' ಎಂದಿರಬೇಕಾಗಿದ್ದ ಚೀಟಿಯಲ್ಲಿ 'ಇವನಿಂದ ಬರಬೇಕಾದ ಹಣ' ಎಂದಿತ್ತು. ಓದು ಬಾರದ ತಾತ ಹೆಬ್ಬೆಟ್ಟು ಒತ್ತಿದ. 1976ರ ಜೀತ ರದ್ದತಿ ಕಾಯಿದೆ ಬರೋವರೆಗೂ ಧಣಿ ಕೊಟ್ಟಿಗೇಲಿ ಸಗಣಿ ಬಾಚಿದ. ವ್ಯಾಕರಣ ಪಂಡಿತರ ಸೊತ್ತು ಅಂತ ಬೈದು ಸುಮ್ಮನಿರೋಕೆ ನನಗಾಗದ್ದು ಇದಕ್ಕೇ.

13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದ ಸೂತ್ರಗಳಿಗೆ ಉದಾಹರಣೆ ಹೆಕ್ಕಿದ್ದು ಹಿಂದಿನ ಕವಿಗಳ ಪದ್ಯಗಳಿಂದ. ಅಂದರೆ ಮಾತು ಮೊದಲು, ಸೂತ್ರ ಆಮೇಲೆ. ಆದರೆ ಹೊಲಗೇರಿಯ ಬಾಯಿಗಳನ್ನ ಯಾರು ಕೇಳಿದರು? 1604ರಲ್ಲಿ ಭಟ್ಟಾಕಳಂಕನಂತೂ ಕನ್ನಡದ ವ್ಯಾಕರಣವನ್ನ ಸಂಸ್ಕೃತದಲ್ಲೇ ಬರೆದ.

ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆಯ್ತು. ಅದಕ್ಕೆ ಚರಿತ್ರೆ ಅಂತ ಹೆಸರು. ನನ್ನ ಬಾಯಲ್ಲಿ 'ಆಲು' ಆದಾಗ ಮಾತ್ರ ಇಡೀ ಕ್ಲಾಸು ನಕ್ಕಿತು. 'ಆಲು' ಅಂದರೆ ಯಾರ ಕೂಲಿಯೂ ಮುಳುಗಲ್ಲ, ಸ್ವಾಮಿ. 'ಗೆ' ಇರೋ ಜಾಗದಲ್ಲಿ 'ಇಂದ' ಕೂತರೆ ಮನೆಯೇ ಮುಳುಗುತ್ತೆ. ನಮ್ಮ ಮೇಷ್ಟ್ರ ಕೆಂಪು ಶಾಯಿಗೆ ಎರಡೂ ಒಂದೇ ತಪ್ಪು.

ಈಗ ಕೇರಿಯ ಅರ್ಜಿಗಳನ್ನ ನಾನೇ ಬರೀತೀನಿ. ಪದ್ಯದಲ್ಲಿ 'ಆಲು' ಅಂತ್ಲೇ ಬರೆಯೋ ನಾನು ಅರ್ಜಿಯ ಒಂದೊಂದು ಪ್ರತ್ಯಯವನ್ನೂ ಎರಡೆರಡು ಸಲ ನೋಡ್ತೀನಿ. ಪಕ್ಕದಲ್ಲಿ ಕೂತ ತಾತ ಆದರೂ ಕೇಳ್ತಾನೆ: "ಮೊಗ, ನಂಗೆ ಅಂತ ಬರ್ದ್ಯಾ, ನನ್ನಿಂದ ಅಂತ ಬರ್ದ್ಯಾ?"