ಬಂಡೆಗಲ್ಲು, ಬೀಸುಕಲ್ಲು

ಬಾದಾಮಿಗೆ ಬಂದವರು ಗುಹೆ ನೋಡ್ತಾರ, ಬಸ್ಸು ಹತ್ತಿ ಹೋಗ್ತಾರ. ಅಗಸ್ತ್ಯ ತೀರ್ಥದ ಕೆರೆ ದಾಟಿ ತಟ್ಟುಕೋಟಿ ಕಡೆಯ ಬಂಡೆಯ ತನಕ ನಡೆಯುವವರು ಕಡಿಮೆ. ಅಲ್ಲಿ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನವಿದೆ. ಒಟ್ಟು ಹತ್ತು ಸಾಲು. 1881ರಲ್ಲಿ ಫ್ಲೀಟ್ ಸಾಹೇಬ ಅದನ್ನು ಓದಿ ಅಚ್ಚು ಹಾಕಿಸಿದ. ಭೂದಾನದ ಲೆಕ್ಕವಿಲ್ಲ, ಅರಸರ ವಂಶಾವಳಿಯಿಲ್ಲ. ಒಬ್ಬ ಮನುಷ್ಯನ ಗುಣ, ಅವನ ಬದುಕು ಸಾವಿನ ವಿಚಾರ, ಇಷ್ಟೇ. ಕನ್ನಡದಲ್ಲಿ ಈವರೆಗೆ ಸಿಕ್ಕ ಅತಿ ಹಳೆಯ ತ್ರಿಪದಿಗಳು ಇದರಲ್ಲೇ ಇವೆ.

ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಆ ತ್ರಿಪದಿಯನ್ನು. ಅದಕ್ಕೂ ಮುಂಚೆ ಬರುವ ಸಂಸ್ಕೃತ ಶ್ಲೋಕವನ್ನು ಯಾರೂ ಹೇಳಿಕೊಡಲಿಲ್ಲ. ಮಾನಗೆಟ್ಟು ಬಾಳುವುದಕ್ಕಿಂತ ಸಾಯುವುದೇ ವಾಸಿ ಎನ್ನುವುದು ಅದರ ತಾತ್ಪರ್ಯ. ಸಾವಿನ ನೋವು ಒಮ್ಮೆಗೆ ತೀರುತ್ತದೆ, ಅವಮಾನದ್ದು ದಿನಾ ಇರ್ತದೆ ಅಂತ ಕಾರಣವನ್ನೂ ಕೊಡುತ್ತದೆ.

ಈ ‘ದಿನಾ’ ಅನ್ನೋದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಬಂಡೆಯ ಮೇಲೆ ಹೆಸರು ಪಡೆದ ವೀರನಿಗೆ ದಿನದಿನದ ಅವಮಾನ ಎಷ್ಟು ಗೊತ್ತಿತ್ತೋ! ಕೊಡ ಹಿಡಿದು ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ನೀರು ಸುರಿಯಲಿ ಅಂತ ಕಾದ ನಮ್ಮ ಕೇರಿಯ ಅಜ್ಜಿಯರಿಗೆ ಗೊತ್ತಿತ್ತು. ಶ್ಲೋಕದ ಪ್ರಕಾರ ಅವರೆಲ್ಲ ಯಾವತ್ತೋ ಸಾಯಬೇಕಿತ್ತು. ಸಾಯಲಿಲ್ಲ. ಮಕ್ಕಳನ್ನು ಸಾಕಬೇಕಿತ್ತಲ್ಲ.

1923ರಲ್ಲಿ ಮುಂಬಯಿ ಶಾಸನಸಭೆ ಬೋಲೆಯವರ ಗೊತ್ತುವಳಿ ಒಪ್ಪಿತು. ಸಾರ್ವಜನಿಕ ಹಣದ ಬಾವಿ, ನೀರಿನ ತಾಣಗಳು ಅಸ್ಪೃಶ್ಯರಿಗೂ ಮುಕ್ತ ಎಂದಿತು. ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲು ಆಗ ಅದೇ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿದ್ದವು. ಆದರೆ ಕಾಗದದಿಂದ ಕೊಡ ತುಂಬೀತೇ? 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗಿಳಿದು ನೀರು ಕುಡಿದರು. ಜೊತೆಗೆ ಬಂದ ಜನವೂ ಕುಡಿಯಿತು. ಆಮೇಲೆ ಬಡಿಗೆ ಏಟು ಬಿದ್ದವು. ಸಗಣಿ ಗಂಜಲ ಹಾಕಿ ಕೆರೆಯನ್ನು ‘ಶುದ್ಧ’ ಮಾಡಿದರು. ಹೈಕೋರ್ಟಿನಲ್ಲಿ ಆ ಹಕ್ಕು ಗಟ್ಟಿಯಾಗಲು 1937 ಬರಬೇಕಾಯಿತು. ಬದುಕಿದ್ದುಕೊಂಡೇ ಮಾನ ಕೇಳಬಹುದು ಎಂಬುದು ಬಾದಾಮಿಯ ಬಂಡೆಗೆ ಹೊಳೆದಿರಲಿಲ್ಲ.

ಇನ್ನು ತ್ರಿಪದಿಯ ಮಾತು. ವೀರನ ಹೊಗಳಿಕೆಗೆ ಬಂದ ಆ ಮೂರು ಸಾಲಿನ ಮಟ್ಟನ್ನೇ ಈ ಸೀಮೆಯ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡಿಕೊಂಡು ಬಂದರು. ತವರು, ತೊಟ್ಟಿಲು, ಸೀರೆಯ ಚೆಲುವು, ಸತ್ತ ಕೂಸು, ಎಲ್ಲಾ ಅದರೊಳಗ ಹಿಡೀತು. 1931ರಲ್ಲಿ ಹಲಸಂಗಿ ಗೆಳೆಯರು ಅಂಥ ಹಾಡುಗಳನ್ನು ಕಲೆಹಾಕಿ ‘ಗರತಿಯ ಹಾಡು’ ಅಂತ ಅಚ್ಚು ಮಾಡಿದರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೂ ಹೆಸರು ನೋಡ್ರಿ: ಗರತಿ. ಕೂಲಿ ಮುಗಿಸಿ ಬಂದು, ಊರ ಹೊರಗಿನ ಗುಡಿಸಲಲ್ಲಿ ನಡುರಾತ್ರಿ ಜೋಳ ಬೀಸಿದವಳನ್ನು ಊರು ಎಂದಾದರೂ ಗರತಿ ಅಂದಿತ್ತೇ? ಅವಳ ಹಾಡನ್ನು ಕೇಳಲು ಯಾರು ಕೇರಿಗೆ ಬಂದರು?

ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು. ಹಾಡು ಬಲ್ಲ ಮುದುಕಿಯರು ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದಾರೆ. ಮೇಷ್ಟ್ರೇ, ನಿಮ್ಮ ಶಾಲೆಯ ಹಿಂದಿನ ಬೆಂಚಿನ ಹುಡುಗರ ಅಜ್ಜಿಯರು ಅವರು.