ಮ್ಯಾನ್ಯುಯಲ್ ಬರೆಯುವುದು ಕೊನೆಯ ದಿನದ ಕೆಲಸವೇ? ಬಳಕೆದಾರರ ಕೈಪಿಡಿ ತಯಾರಾಗುವ ಬಗೆ, ಯೋಜನೆಯಿಂದ ಬಿಡುಗಡೆಯವರೆಗೆ

ಮನೆಗೆ ಹೊಸ ಬಿಪಿ ಮಷಿನ್ ಬಂದಿದೆ ಅಂದುಕೊಳ್ಳಿ. ಅಪ್ಪ ಆಗಷ್ಟೇ ಮೆಟ್ಟಿಲು ಹತ್ತಿ ಬಂದು, ಕಾಫಿ ಕುಡಿದು, ಶರ್ಟಿನ ತೋಳಿನ ಮೇಲೆಯೇ ಪಟ್ಟಿ ಸುತ್ತಿಕೊಂಡು ಬಟನ್ ಒತ್ತುತ್ತಾರೆ. 158 ಎಂದು ತೋರಿಸುತ್ತದೆ. ಮನೆಯಲ್ಲಿ ಎಲ್ಲರಿಗೂ ಗಾಬರಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರೆ 139. "ಈ ಡಿಜಿಟಲ್ ಮಷಿನ್‌ಗಳನ್ನು ನಂಬಲೇಬಾರದು" ಎಂಬ ಮೆಸೇಜ್ ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಹರಿದಾಡುತ್ತದೆ. ಡಬ್ಬದೊಳಗಿದ್ದ ಸಣ್ಣ ಪುಸ್ತಕವನ್ನು ಮಾತ್ರ ಯಾರೂ ತೆರೆದಿರುವುದಿಲ್ಲ.

ತಪ್ಪು ಅಪ್ಪನದೊಂದೇ ಅಲ್ಲ. ಎಷ್ಟೋ ಮ್ಯಾನ್ಯುಯಲ್‌ಗಳು ಓದುವಂತೆಯೇ ಇರುವುದಿಲ್ಲ. ಇರುವೆ ಗಾತ್ರದ ಅಕ್ಷರ, ಅರ್ಥವಾಗದ ಅನುವಾದ, ಮೊದಲ ಆರು ಪುಟ ಬರೀ ಎಚ್ಚರಿಕೆ. ಹಾಗಾಗಿ "ಮ್ಯಾನ್ಯುಯಲ್ ಎಂದರೆ ಕಾನೂನಿಗಾಗಿ ಹಾಕುವ ಕಾಗದ, ಮಷಿನ್ ರೆಡಿ ಆದ ಮೇಲೆ ಯಾರೋ ಎರಡು ದಿನ ಕೂತು ಬರೆದುಬಿಡುತ್ತಾರೆ" ಎಂಬ ನಂಬಿಕೆ ಬೆಳೆದಿದೆ. ಇದು ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ

- ಒಳ್ಳೆಯ ಕೈಪಿಡಿಯ ಕೆಲಸ ಮಷಿನ್‌ನ ವಿನ್ಯಾಸದ ಜೊತೆಗೇ ಶುರುವಾಗುತ್ತದೆ.
- ಅದನ್ನು ಬರೆದವರು, ತಜ್ಞರು, ಕೊನೆಗೆ ಏನೂ ಗೊತ್ತಿಲ್ಲದ ಹೊಸಬರು, ಹೀಗೆ ಮೂರೂ ಕಡೆಯವರು ಪರೀಕ್ಷಿಸಬೇಕು.
- ಕೈಪಿಡಿಯಲ್ಲಿ ಬಿಟ್ಟುಹೋದ ಒಂದು ಸಾಲೂ ಜೀವಕ್ಕೆ ಅಪಾಯ ತರಬಹುದು. ಅಂಥದ್ದು ನಡೆದಿದೆ.

ಇದು ಯಾರ ಕೆಲಸ?

ಕೈಪಿಡಿ ಬರೆಯುವುದೇ ವೃತ್ತಿಯಾಗಿರುವವರಿದ್ದಾರೆ. ಅವರನ್ನು ಟೆಕ್ನಿಕಲ್ ರೈಟರ್ ಎನ್ನುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ಹಳೆಯ, ಪರಿಚಿತ ಹುದ್ದೆ. ಅಮೆರಿಕದ ಜೋಆನ್ ಹ್ಯಾಕೋಸ್ ಈ ಕೆಲಸದ ನಿರ್ವಹಣೆಯ ಬಗ್ಗೆ 1994ರಲ್ಲಿ ಬರೆದ ಪುಸ್ತಕ ಇಂದಿಗೂ ಹೆಸರುವಾಸಿ. ಅವರು ಇಡೀ ಕೆಲಸವನ್ನು ಐದು ಹಂತಗಳಾಗಿ ವಿಂಗಡಿಸಿದರು: ಯೋಜನೆ, ವಿಷಯ ನಿರ್ಧಾರ, ಬರವಣಿಗೆ, ತಯಾರಿಕೆ ಮತ್ತು ಮೌಲ್ಯಮಾಪನ.

ಅವರ ಲೆಕ್ಕದಲ್ಲಿ ಒಟ್ಟು ಸಮಯದ ಸುಮಾರು ಶೇ. 30 ಭಾಗ ಮೊದಲ ಎರಡು ಹಂತಗಳಿಗೇ ಹೋಗುತ್ತದೆ. ಅಂದರೆ ಮೊದಲ ಪುಟ ಬರೆಯುವ ಮುಂಚೆಯೇ ಮೂರನೇ ಒಂದು ಭಾಗದಷ್ಟು ಸಮಯ ಖರ್ಚಾಗಿರುತ್ತದೆ. ನಮ್ಮ ಬಿಪಿ ಮಷಿನ್‌ನ ಉದಾಹರಣೆಯನ್ನೇ ಇಟ್ಟುಕೊಂಡು ಪ್ರತಿ ಹಂತವನ್ನೂ ನೋಡೋಣ.

ಹಂತ 1: ಯೋಜನೆ. ಓದುವವರು ಯಾರು?

"ಈ ಮಷಿನ್‌ನಲ್ಲಿ ಏನೇನಿದೆ" ಎಂಬುದು ಎರಡನೆಯ ಪ್ರಶ್ನೆ. "ಇದನ್ನು ಯಾರು, ಎಲ್ಲಿ, ಏಕೆ ಬಳಸುತ್ತಾರೆ" ಎಂಬುದು ಮೊದಲನೆಯದು. ಬಿಪಿ ಮಷಿನ್ ಬಳಸುವವರಲ್ಲಿ ಹಿರಿಯರು ಹೆಚ್ಚು. ಕನ್ನಡಕ ಕೈಗೆ ಸಿಗದಿರಬಹುದು, ಒಬ್ಬರೇ ಇರಬಹುದು, ಇಂಗ್ಲಿಷ್ ಬಾರದಿರಬಹುದು. ಅಕ್ಷರದ ಗಾತ್ರ, ಭಾಷೆ, ಚಿತ್ರಗಳ ಸಂಖ್ಯೆ ಎಲ್ಲವೂ ಈ ಉತ್ತರದಿಂದಲೇ ನಿರ್ಧಾರವಾಗುತ್ತವೆ.

ಆಮೇಲೆ ಸಮಯದ ಲೆಕ್ಕ. ಹೊಸದಾಗಿ ಬರೆಯುವ ಒಂದು ಪುಟಕ್ಕೆ ವಿಚಾರಣೆ, ಬರವಣಿಗೆ, ತಿದ್ದುಪಡಿ ಎಲ್ಲ ಸೇರಿ ನಾಲ್ಕರಿಂದ ಎಂಟು ಗಂಟೆ ಹಿಡಿಯಬಹುದು ಎಂಬುದು ಈ ವೃತ್ತಿಯವರ ಅಂದಾಜು. ಪುಟಕ್ಕೆ 5 ಗಂಟೆ ಎಂದರೂ 40 ಪುಟದ ಪುಸ್ತಕಕ್ಕೆ 200 ಗಂಟೆ. ವಾರಕ್ಕೆ 40 ಗಂಟೆಯಂತೆ ಒಬ್ಬರಿಗೆ ಐದು ವಾರದ ಕೆಲಸ. "ಮುಂದಿನ ಸೋಮವಾರ ಮಷಿನ್ ಮಾರ್ಕೆಟ್‌ಗೆ ಹೋಗುತ್ತೆ, ಒಂದು ಮ್ಯಾನ್ಯುಯಲ್ ಮಾಡಿಕೊಡಿ" ಎಂದರೆ ಏನಾಗುತ್ತದೆ ಎಂದು ಊಹಿಸಬಹುದು.

ಯಾರು ಬರೆಯುತ್ತಾರೆ, ಯಾರು ಪರಿಶೀಲಿಸುತ್ತಾರೆ, ಕೊನೆಗೆ ಒಪ್ಪಿಗೆಯ ಸಹಿ ಯಾರದು ಎಂಬುದೂ ಇದೇ ಹಂತದಲ್ಲಿ ತೀರ್ಮಾನವಾಗಬೇಕು. ಹತ್ತು ಜನ ಸಲಹೆ ಕೊಟ್ಟು ಒಬ್ಬರೂ ಸಹಿ ಹಾಕದ ಕೈಪಿಡಿ ಮುಗಿಯುವುದೇ ಇಲ್ಲ.

ಹಂತ 2: ವಿಷಯ ನಿರ್ಧಾರ. ಏನು ಇರಬೇಕು, ಏನು ಬೇಡ?

ಇಲ್ಲಿ ಬಳಕೆದಾರರು ಮಾಡುವ ಕೆಲಸಗಳ ಪಟ್ಟಿ ತಯಾರಾಗುತ್ತದೆ. ಬ್ಯಾಟರಿ ಹಾಕುವುದು, ಪಟ್ಟಿ ಸುತ್ತುವುದು, ಬಿಪಿ ನೋಡುವುದು, ಹಳೆಯ ರೀಡಿಂಗ್ ತೆಗೆಯುವುದು, ಸ್ವಚ್ಛ ಮಾಡುವುದು. ಪ್ರತಿ ಕೆಲಸಕ್ಕೂ ಒಂದು ಅಧ್ಯಾಯ. ಯಾವ ಬಟನ್ ಎಲ್ಲಿದೆ ಎಂಬ ವರ್ಣನೆಗಿಂತ "ನಾನು ಈಗ ಏನು ಮಾಡಬೇಕು" ಎಂಬುದೇ ಓದುಗರಿಗೆ ಮುಖ್ಯ.

ಈ ಪಟ್ಟಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ದೋಷ ಸೂಚನೆಗಳು, ಅಂದರೆ ಪರದೆಯ ಮೇಲೆ ಬರುವ ಎರರ್ ಕೋಡ್‌ಗಳು. ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಕರಾಳ ಉದಾಹರಣೆ ಇದೆ.

ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಯಂತ್ರ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿತ್ತು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ಮಿತಿಮೀರಿದ ವಿಕಿರಣ ಕೊಟ್ಟಿತು. 1986ರಲ್ಲಿ ಟೆಕ್ಸಾಸ್‌ನಲ್ಲಿ ನಡೆದ ಘಟನೆಯಲ್ಲಿ ಪರದೆಯ ಮೇಲೆ "ಮಾಲ್‌ಫಂಕ್ಷನ್ 54" ಎಂದು ಬಂತು. ಅದರ ಅರ್ಥವೇನೆಂದು ಕೈಪಿಡಿಯಲ್ಲಿ ವಿವರಣೆ ಇರಲಿಲ್ಲ. ಯಂತ್ರದ ಪಕ್ಕದಲ್ಲಿದ್ದ ಹಾಳೆಯಲ್ಲಿ ಅದು "ಡೋಸ್ ಇನ್‌ಪುಟ್ 2" ದೋಷ ಎಂದಷ್ಟೇ ಇತ್ತು. ಇಂಥ ಸೂಚನೆಗಳು ದಿನವೂ ಬಂದು ಹೋಗುತ್ತಿದ್ದುದರಿಂದ ಆಪರೇಟರ್ "ಮುಂದುವರಿಸು" ಎಂಬ ಕೀಲಿ ಒತ್ತಿದರು. ರೋಗಿಗೆ ಮತ್ತೊಮ್ಮೆ ವಿಕಿರಣ ತಾಗಿತು. ಕೊಟ್ಟ ಡೋಸ್ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಆಗಿದೆ ಎಂಬುದು ಆ ಸಂಕೇತದ ಅರ್ಥ ಎಂದು ತಿಳಿದದ್ದು ಆಮೇಲೆ. ಆ ರೋಗಿ ಬದುಕಲಿಲ್ಲ.

ಮೂಲ ದೋಷ ಇದ್ದದ್ದು ಸಾಫ್ಟ್‌ವೇರಿನಲ್ಲಿ ಮತ್ತು ಯಂತ್ರದ ಸುರಕ್ಷತಾ ವಿನ್ಯಾಸದಲ್ಲಿ. ಆದರೆ "ಈ ಸಂಕೇತ ಬಂದರೆ ತಕ್ಷಣ ನಿಲ್ಲಿಸಿ" ಎಂಬ ಒಂದು ಸಾಲು ಇದ್ದಿದ್ದರೆ ಆಪರೇಟರ್‌ಗೆ ನಿಲ್ಲಿಸಲು ಕಾರಣ ಸಿಗುತ್ತಿತ್ತು. ಹಾಗಾಗಿ ಪ್ರತಿ ದೋಷ ಸೂಚನೆಗೂ ಮೂರು ಉತ್ತರ ಇರಬೇಕು: ಏನಾಗಿದೆ, ಏನು ಮಾಡಬೇಕು, ಏನು ಮಾಡಬಾರದು.

ಹಂತ 3: ಬರವಣಿಗೆ, ಪರಿಶೀಲನೆ, ಪರೀಕ್ಷೆ

ಅತಿ ಹೆಚ್ಚು ಸಮಯ ಹಿಡಿಯುವ ಹಂತ ಇದು. ಬರೆಯುವ ನಿಯಮಗಳು ಸರಳ: ಒಂದು ಸಾಲಿಗೆ ಒಂದೇ ಕೆಲಸ, ಮಾಡುವ ಕ್ರಮದಲ್ಲೇ ಬರೆಯುವುದು, ಎಚ್ಚರಿಕೆಯನ್ನು ಕೆಲಸಕ್ಕಿಂತ ಮೊದಲು ಹೇಳುವುದು. "ಬಟನ್ ಒತ್ತಿ. ಒತ್ತುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತಿರಬೇಕು" ಎಂದು ಬರೆದರೆ ಓದುಗರು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಬಟನ್ ಒತ್ತಿ ಆಗಿರುತ್ತದೆ.

ಕರಡು ಸಿದ್ಧವಾದ ಮೇಲೆ ಎಂಜಿನಿಯರ್ ಮತ್ತು ವೈದ್ಯರು ಸರಿಯಿದೆಯೇ ಎಂದು ನೋಡುತ್ತಾರೆ. ಇಲ್ಲಿ ದೊಡ್ಡ ತೊಂದರೆ ತರುವುದು ನಡುವೆ ಆಗುವ ಬದಲಾವಣೆ. ವಿನ್ಯಾಸ ಬದಲಾಗಿರುತ್ತದೆ, ಆದರೆ ಕೈಪಿಡಿಯವರಿಗೆ ಯಾರೂ ಹೇಳಿರುವುದಿಲ್ಲ.

ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಕಥೆಯಲ್ಲಿ ಇದೂ ಒಂದು ಭಾಗ. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ತಳ್ಳುವ ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಅದರಲ್ಲಿತ್ತು. ಅಭಿವೃದ್ಧಿಯ ನಡುವೆ ಅದಕ್ಕೆ ಮೊದಲಿಗಿಂತ ಹೆಚ್ಚು ಶಕ್ತಿ ಕೊಡಲಾಯಿತು. ಪೈಲಟ್‌ಗಳ ಕೈಪಿಡಿಯಿಂದ ಅದರ ವಿವರಣೆಯನ್ನು ಬಿಡಲು ಒಪ್ಪಿಗೆ ಕೊಟ್ಟ ಅಧಿಕಾರಿಗಳಿಗೆ ಈ ಬದಲಾವಣೆ ಗೊತ್ತಿರಲಿಲ್ಲ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ 189 ಮಂದಿ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಮಂದಿ ಪ್ರಾಣ ಕಳೆದುಕೊಂಡರು. ಒಂದೇ ಸೆನ್ಸರ್‌ನ ಮೇಲೆ ಅವಲಂಬಿಸಿದ ವಿನ್ಯಾಸವೇ ಮುಖ್ಯ ದೋಷ. ಆದರೆ ವಿಮಾನದಲ್ಲಿ ಅಂಥದ್ದೊಂದು ವ್ಯವಸ್ಥೆ ಇದೆ ಎಂಬುದೇ ಮೊದಲ ವಿಮಾನದ ಪೈಲಟ್‌ಗಳ ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ಅದಕ್ಕೇ ಒಳ್ಳೆಯ ಯೋಜನೆಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇರುತ್ತದೆ: ವಿನ್ಯಾಸದಲ್ಲಿ ಏನೇ ಬದಲಾದರೂ ಅದರ ಮಾಹಿತಿ ಕೈಪಿಡಿ ತಂಡಕ್ಕೂ ಹೋಗಬೇಕು.

ತಜ್ಞರು ಒಪ್ಪಿದರೆ ಮುಗಿಯಿತೇ? ಇಲ್ಲ. ತಜ್ಞರಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಅಸ್ಪಷ್ಟ ಸಾಲೂ ಅವರಿಗೆ ಅರ್ಥವಾಗಿಬಿಡುತ್ತದೆ. ಆದ್ದರಿಂದ ಹೊಸಬರ ಕೈಗೆ ಕೊಟ್ಟು ನೋಡಬೇಕು. ಯುರೋಪಿನಲ್ಲಿ ಔಷಧದ ಡಬ್ಬದೊಳಗಿನ ಚೀಟಿಗೆ ಇದು ಕಾನೂನಿನ ಅಗತ್ಯ. ಅಲ್ಲಿನ ಮಾರ್ಗಸೂಚಿಯ ಪ್ರಕಾರ 20 ಜನ ಸಾಮಾನ್ಯರಿಗೆ ಚೀಟಿ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಪ್ರತಿ ಪ್ರಶ್ನೆಗೂ ಕನಿಷ್ಠ 16 ಜನ ಮಾಹಿತಿಯನ್ನು ಹುಡುಕಿ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಆಗದಿದ್ದರೆ ಚೀಟಿಯನ್ನು ತಿದ್ದಬೇಕು. ಗಮನಿಸಿ, ಇಲ್ಲಿ ನಪಾಸಾಗುವುದು ಚೀಟಿಯೇ ಹೊರತು ಓದಿದವರಲ್ಲ.

ಹಂತ 4: ತಯಾರಿಕೆ. ಅನುವಾದ ಮತ್ತು ಅಚ್ಚು

ಮೂಲ ಪಠ್ಯ ಪೂರ್ತಿ ಸ್ಥಿರವಾದ ಮೇಲೆಯೇ ಅನುವಾದಕ್ಕೆ ಕೊಡಬೇಕು. ಅರ್ಧದಲ್ಲಿ ಕೊಟ್ಟರೆ ಇಂಗ್ಲಿಷ್ ಪುಸ್ತಕ ಒಂದು ಹೇಳುತ್ತದೆ, ಕನ್ನಡದ್ದು ಇನ್ನೊಂದು.

ಅನುವಾದವನ್ನು ಕಂಪ್ಯೂಟರ್‌ಗೆ ಬಿಟ್ಟು ಪರಿಶೀಲಿಸದೇ ಹೋದರೆ ಏನಾಗುತ್ತದೆ? ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಔಷಧ ಅಂಗಡಿಗಳ ಸ್ಪ್ಯಾನಿಷ್ ಲೇಬಲ್‌ಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಅನುವಾದಿಸಿದ ಲೇಬಲ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ತಪ್ಪುಗಳಿದ್ದವು. ಇಂಗ್ಲಿಷಿನಲ್ಲಿ "ಒಂದು ಸಲ" ಎನ್ನುವ ಪದವನ್ನು ಬರೆಯುವ ಅಕ್ಷರಗಳೇ ಸ್ಪ್ಯಾನಿಷ್‌ನಲ್ಲಿ "ಹನ್ನೊಂದು" ಎಂಬ ಅರ್ಥ ಕೊಡುತ್ತವೆ. ಆ ಪದ ಅನುವಾದವಾಗದೆ ಹಾಗೇ ಉಳಿದರೆ, ದಿನಕ್ಕೆ ಒಂದು ಸಲ ತೆಗೆದುಕೊಳ್ಳಬೇಕಾದ ಔಷಧವನ್ನು ಹನ್ನೊಂದು ಸಲ ತೆಗೆದುಕೊಳ್ಳುವ ಅಪಾಯ!

ಕನ್ನಡಕ್ಕೆ ಇನ್ನೊಂದು ತೊಂದರೆಯಿದೆ. ಅಚ್ಚಿನ ಸಾಫ್ಟ್‌ವೇರ್ ಅಥವಾ ಫಾಂಟ್ ಹೊಂದದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚದುರುತ್ತವೆ. ಆದ್ದರಿಂದ ಅಚ್ಚಿಗೆ ಹೋಗುವ ಕೊನೆಯ ಪ್ರತಿಯನ್ನು ಕನ್ನಡ ಬಲ್ಲವರು ಕಣ್ಣಾರೆ ಓದಲೇಬೇಕು. ಅಂಕಿ, ಅಳತೆ, ಮಾಡೆಲ್ ಸಂಖ್ಯೆಗಳನ್ನು ಪ್ರತ್ಯೇಕವಾಗಿ ತಾಳೆ ನೋಡಬೇಕು.

ಹಂತ 5: ಬಿಡುಗಡೆ ಮತ್ತು ಆಮೇಲೆ

ಬಿಡುಗಡೆಯಾಗುವ ಪ್ರತಿಯ ಮೇಲೆ ಮಾಡೆಲ್, ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಇರಬೇಕು. ಮುಂದೆ ತಪ್ಪು ಸಿಕ್ಕಿದಾಗ "ಯಾವ ಪ್ರತಿಯಲ್ಲಿ?" ಎಂದು ಕೇಳಲು ಇದೇ ಆಧಾರ. ಕಸ್ಟಮರ್ ಕೇರ್‌ಗೆ ಬರುವ ಕರೆಗಳನ್ನು ತಂಡ ಗಮನಿಸುತ್ತಿರಬೇಕು. ಒಂದೇ ಪ್ರಶ್ನೆಯನ್ನು ಹಲವರು ಕೇಳುತ್ತಿದ್ದರೆ ಕೈಪಿಡಿಯ ಆ ಪುಟ ಸೋತಿದೆ ಎಂದರ್ಥ. ಯೋಜನೆಗೆ ಹಾಕಿದ ಅಂದಾಜು ಎಷ್ಟು ಸರಿಯಾಯಿತು ಎಂಬ ಲೆಕ್ಕವನ್ನೂ ಬರೆದಿಟ್ಟರೆ ಮುಂದಿನ ಪುಸ್ತಕಕ್ಕೆ ಅನುಕೂಲ.

ಹಾಗಾದರೆ ಆ ಬಿಪಿ ಮಷಿನ್ ಕೆಟ್ಟಿತ್ತೇ?

ಬಹುಶಃ ಇಲ್ಲ. ಬಿಪಿ ನೋಡುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಸುಮ್ಮನೆ ಕುಳಿತಿರಬೇಕು. ಪಟ್ಟಿ ಬರಿ ತೋಳಿನ ಮೇಲೆ, ಹೃದಯದ ಮಟ್ಟದಲ್ಲಿರಬೇಕು. ತೋಳಿಗಿಂತ ಚಿಕ್ಕ ಪಟ್ಟಿ ಬಳಸಿದರೆ ರೀಡಿಂಗ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಅಳೆಯುವಾಗ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಒಂದು ರೀಡಿಂಗ್ ನೋಡಿ ಮಾತ್ರೆಯನ್ನು ನೀವಾಗಿಯೇ ಹೆಚ್ಚು ಕಡಿಮೆ ಮಾಡಬೇಡಿ, ವೈದ್ಯರಿಗೆ ತೋರಿಸಿ.

ಒಳ್ಳೆಯ ಕೈಪಿಡಿಯಲ್ಲಿ ಇವಿಷ್ಟೂ ಮೊದಲ ಎರಡು ಪುಟಗಳಲ್ಲೇ ಸಿಗಬೇಕು.

ಫಾರ್ವರ್ಡ್ ಮಾಡುವ ಮೊದಲು ಇದನ್ನು ನೋಡಿ

"ಈ ಮಷಿನ್ ಹೀಗೆ ಬಳಸಿ", "ಈ ಔಷಧ ಹೀಗೆ ತೆಗೆದುಕೊಳ್ಳಿ" ಎಂಬ ಫಾರ್ವರ್ಡ್ ಕೂಡ ಒಂದು ರೀತಿಯ ಕೈಪಿಡಿಯೇ. ವ್ಯತ್ಯಾಸವೆಂದರೆ ಅದನ್ನು ಯಾರೂ ಪರಿಶೀಲಿಸಿರುವುದಿಲ್ಲ. ಆದ್ದರಿಂದ ಇಷ್ಟು ಕೇಳಿಕೊಳ್ಳಿ:

1. ಬರೆದವರು ಯಾರು, ಜವಾಬ್ದಾರಿ ಯಾರದು?
2. ದಿನಾಂಕ ಇದೆಯೇ? ಮೂರು ವರ್ಷದ ಹಿಂದಿನದೇ ಮತ್ತೆ ಸುತ್ತುತ್ತಿದೆಯೇ?
3. ಯಾವ ಮಾಡೆಲ್ ಅಥವಾ ಯಾವ ಔಷಧಕ್ಕೆ ಸಂಬಂಧಿಸಿದ್ದು? ನಿಮ್ಮ ಮನೆಯಲ್ಲಿರುವುದು ಅದೇನಾ?
4. ಒಂದು ಪುಟದ ಫೋಟೊ ಮಾತ್ರ ಇದೆಯೇ? ಎಚ್ಚರಿಕೆ ಹಿಂದಿನ ಪುಟದಲ್ಲಿ ಇರಬಹುದು.
5. ಅಂಕಿ ಅಳತೆಗಳು ಮೂಲದೊಂದಿಗೆ ತಾಳೆಯಾಗುತ್ತವೆಯೇ?

ಉತ್ತರ ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ. ಕೈಪಿಡಿ ಕಳೆದುಹೋಗಿದ್ದರೆ ಮಷಿನ್‌ನ ಹಿಂಬದಿಯಲ್ಲಿರುವ ಮಾಡೆಲ್ ಸಂಖ್ಯೆ ನೋಡಿ, ಕಂಪನಿಯ ಅಧಿಕೃತ ವೆಬ್‌ಸೈಟಿನಲ್ಲಿ ಹುಡುಕಿ. ಹಲವು ಕಂಪನಿಗಳ ಕೈಪಿಡಿಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಸಿಕ್ಕಿದ್ದನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ದೊಡ್ಡ ಅಕ್ಷರ ಮಾಡಿ ಮನೆಯ ಹಿರಿಯರಿಗೂ ಒಮ್ಮೆ ಓದಿ ಹೇಳಿ.