ಸಡಿಲವಾದ ಒಂದು ಸ್ಕ್ರೂ

ಅಕ್ಕನಿಗೆ ಹೆರಿಗೆ ನೋವು ಬಂದ ರಾತ್ರಿ ಪಾವಗಡದಿಂದ ಮಧುಗಿರಿಗೆ ಹೊರಟಿದ್ದ ನಮ್ಮ ಹಳೆಯ ಕಾರು ನಡುದಾರಿಯಲ್ಲಿ ನಿಂತುಬಿಟ್ಟಿತು. ನಾನು ಟಾರ್ಚು ಹಿಡಿದೆ. ಅಪ್ಪ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಪಾಯಿಂಟಿನ ಸ್ಕ್ರೂ ಸಡಿಲಗೊಂಡು, ಅರ್ಧ ಮಿಲಿಮೀಟರಿಗೂ ಕಡಿಮೆಯಿರುವ ಸಂದಿ ಮುಚ್ಚಿಹೋಗಿತ್ತು. ಅದು ತೆರೆಯದಿದ್ದರೆ ಪ್ಲಗ್ಗಿಗೆ ಕಿಡಿಯಿಲ್ಲ. ಬೆಂಕಿಪೊಟ್ಟಣದ ರಟ್ಟಿನಿಂದ ಅಳತೆ ನೋಡಿ ಸ್ಕ್ರೂ ಬಿಗಿದರು. ಆಸ್ಪತ್ರೆ ಮುಟ್ಟಿದೆವು, ಬೆಳಗಿನ ಜಾವ ಮಗು ಹುಟ್ಟಿತು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ರೂಪಿಸಿದ ಈ ಏರ್ಪಾಡು ನಮ್ಮ ಅಂಬಾಸಡರ್, ಪದ್ಮಿನಿ ಕಾರುಗಳವರೆಗೂ ಬಂತು. ಈಗಿನ ಕಾರುಗಳಲ್ಲಿ ಅದಿಲ್ಲ.

ಆ ರಾತ್ರಿಯ ನಂತರ ಶಿರಾ, ಕೊರಟಗೆರೆ ಕಡೆ ಹೊರಡುವ ಮುನ್ನ ಪಾಯಿಂಟಿನ ಸ್ಕ್ರೂ, ಮುಚ್ಚಳದ ಕ್ಲಿಪ್ಪು, ಬುಡದ ಬೋಲ್ಟು ಬಿಗಿಯಾಗಿವೆಯೇ ಎಂದು ನೋಡುವ ಕೆಲಸವನ್ನು ಅಪ್ಪ ನನಗೇ ಒಪ್ಪಿಸಿದರು. “ಮನೆಗೆ ಬೀಗ ಹಾಕಿ ಎಳೆದು ನೋಡ್ತೀಯಲ್ಲ, ಹಾಗೇ ನೋಡಮ್ಮ” ಎನ್ನುತ್ತಿದ್ದರು.